ಹಾಲು ಅಳೆಯದವನಿಗೆ ಮೊದಲ ಸರದಿ

ಮಾನ್ಯ ಮುಖ್ಯ ಸಂಪಾದಕರಿಗೆ,
ಕೈಪಿಡಿ ವಿಭಾಗ.

(ತಮ್ಮ ಘನ ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ನಮ್ಮೂರಲ್ಲಿ ತೋಳದ ಹೆಸರನ್ನೂ ತಮ್ಮ ಡೇಟಾಬೇಸಿನ ಹೆಸರನ್ನೂ ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಹೇಳಿದವರು ಕೇಡು ತಾಗದಿರಲೆಂದು ತಮ್ಮ ಅಂಗಿಯೊಳಕ್ಕೇ ಮೂರು ಸಲ ಉಗುಳಿಕೊಳ್ಳಬೇಕಾಗುತ್ತದೆ.)

ಮಾನ್ಯರೇ,

ಬ್ರೆಬೊವಾಯಾ ಊರಿನ ಸಮಸ್ತ ಕುರಿಗಳ, ಅವುಗಳ ಒಡೆಯರ, ಹಟ್ಟಿಯ ನಾಯಿಗಳ ಮತ್ತು ಊರ ಕಚೇರಿಯ ಒಂದೇ ಒಂದು ಕಂಪ್ಯೂಟರಿನ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಾವು ಸಕುಟುಂಬ ಕ್ಷೇಮವಾಗಿದ್ದೀರೆಂದೂ, ಊಟ ನಿದ್ದೆಗಳು ಎಂದಿನಂತೆ ಸಾಗಿವೆಯೆಂದೂ, ತಮ್ಮ ಮನೆಯ ಚೀಸಿನಲ್ಲಿ ಉಪ್ಪು ಹದವಾಗಿದೆಯೆಂದೂ ನಂಬಿದ್ದೇನೆ. ಇತ್ತ ನಮ್ಮ ಕಡೆ ಊಟ ನಿದ್ದೆಗಳ ವಿಚಾರ ಅಷ್ಟು ಚೆನ್ನಾಗಿಲ್ಲ, ಉಪ್ಪಿನ ವಿಚಾರವನ್ನಂತೂ ಕೇಳಲೇಬೇಡಿ; ಆದರೆ ಅದಕ್ಕೆ ತಾವು ಹೊಣೆಯೆಂದು ಮೊದಲ ಪ್ಯಾರಾದಲ್ಲೇ ಹೇಳುವುದು ಸಭ್ಯತೆಯಲ್ಲವಾದ್ದರಿಂದ ಅದನ್ನು ಮುಂದಿನ ಪ್ಯಾರಾಗಳಿಗೆ ಕಾಯ್ದಿರಿಸಿದ್ದೇನೆ.

ನಾನು ಸಿದೋನಿಯಾ ಮಿಹಾಲ್ಕಾ. ಊರ ಕಚೇರಿಯಲ್ಲಿ ಜನನ, ಮರಣ, ಬೀದಿದೀಪ ಮತ್ತು ಕಂಪ್ಯೂಟರು ನನ್ನ ಖಾತೆಗಳು. ಸದ್ಯ ಈ ಪತ್ರವನ್ನು ಬರೆಯುತ್ತಿರುವುದು ಮಾತ್ರ ಕಚೇರಿಯಿಂದಲ್ಲ, ಬೆಟ್ಟದ ಮೇಲಿನ ಕುರಿಹಟ್ಟಿಯಿಂದ. ಮೇಜಿನ ಬದಲು ಚೀಸು ಹಿಂಡುವ ಹಲಗೆಯ ಮೇಲೆ. ಹೆಂಗಸೊಬ್ಬಳು, ಅದೂ ಸರ್ಕಾರಿ ಸಂಬಳ ತಿನ್ನುವವಳು, ಇಲ್ಲಿಗೆ ಹೇಗೆ ಬಂದು ಸೇರಿದಳೆಂದರೆ, ತಮ್ಮ ಡೇಟಾಬೇಸ್ ಕೈಪಿಡಿಯ ಹನ್ನೊಂದನೇ ಅಧ್ಯಾಯದ ದಾರಿ ಹಿಡಿದು ಬಂದಳು.

ತಾವು ನಗರವಾಸಿಗಳು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮೂರ ಮನೆಗಳ ಕುರಿಗಳೆಲ್ಲ ಬೇಸಿಗೆಗೆ ಒಂದೇ ಹಿಂಡಾಗಿ ಬೆಟ್ಟ ಹತ್ತುತ್ತವೆ. ಹತ್ತುವ ಮುನ್ನ ಅಳತೆಯ ಹಬ್ಬ: ಪ್ರತಿ ಮನೆಯವರೂ ಊರೆದುರಿಗೆ ತಮ್ಮ ತಮ್ಮ ಕುರಿಗಳ ಹಾಲು ಕರೆಯಬೇಕು, ಕಚ್ಚು ಹಾಕಿದ ಕಡ್ಡಿಯನ್ನು ಪಾತ್ರೆಗೆ ಇಳಿಸಿ ಹಾಲು ಎಷ್ಟೆಂದು ನೋಡಬೇಕು. ಹೆಚ್ಚು ಹಾಲು ಕೊಟ್ಟ ಮನೆಗೆ ಮೊದಲ ಸರದಿ, ಅಂದರೆ ಎಳೆಹುಲ್ಲು ಮೇಯ್ದ ಹಿಂಡಿನ ಮೊದಲ ಚೀಸು ಅವರದ್ದು. ಅದಕ್ಕಿಂತ ಕಡಿಮೆಯವರು ಅವರ ಹಿಂದೆ, ಹೀಗೆ ಇಳಿಯುತ್ತಾ ಹೋಗುತ್ತದೆ. ಅಳತೆಗೆ ಬಾರದವನು ಎಲ್ಲರಿಗಿಂತ ಕೊನೆಗೆ ಬಂದು ಉಳಿದದ್ದನ್ನು ಒಯ್ಯುತ್ತಾನೆ. ಈ ಸರದಿಯನ್ನು ಹಟ್ಟಿಯ ಯಜಮಾನ ತ್ವಾದೆರಣ್ಣ ಗಡ್ಡ ಮೂಡುವ ಮೊದಲಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ. ಅದರ ಬಗ್ಗೆ ಊರಲ್ಲಿ ಜಗಳವಾದದ್ದೇ ಇಲ್ಲ. ಜಗಳವಿಲ್ಲದ ಕಡೆ ಪ್ರಗತಿಯಾಗುತ್ತಿಲ್ಲ ಎಂದು ನಮ್ಮ ಮೇಯರ್ ಸಾಹೇಬರಿಗೆ ಅನ್ನಿಸಿತು. ಜಿಲ್ಲಾಕೇಂದ್ರದ ಸಭೆಯೊಂದರಿಂದ ಬಂದವರೇ "ಸಿದೋನಿಯಾ, ಇನ್ಮೇಲೆ ಕುರಿ ಸರದಿಯೂ ಕಂಪ್ಯೂಟರಲ್ಲೇ ಬರ್ಬೇಕು ನೋಡು, ಪಕ್ಕದೂರವರು ನೋಡಿ ಹೊಟ್ಟೆ ಉರ್ಕೊಳ್ಬೇಕು" ಎಂದರು. ಪಕ್ಕದೂರವರು ನೋಡುತ್ತಿದ್ದಾರೆ, ಮಾನ್ಯರೇ. ಹೊಟ್ಟೆ ಹಿಡಿದುಕೊಂಡೇ ನೋಡುತ್ತಿದ್ದಾರೆ, ನಗು ತಡೆಯಲಾರದೆ.

ಈ ವರ್ಷ ಎಲ್ಲರಿಗಿಂತ ಹೆಚ್ಚು ಹಾಲು ಬಂದದ್ದು ಪಲಾಗಿಯಾ ಅತ್ತೆಯ ಮನೆಗೆ. ಅಳತೆಗೆ ಬಾರದೆ ಉಳಿದದ್ದು ಒಬ್ಬನೇ, ಮರ ಕೊಯ್ಯುವ ಮಿಲ್ಲಿನ ಗಾವ್ರಿಲ. ಅವನು ಆ ದಿನ ಹಳೇ ಗರಗಸದ ಯಂತ್ರವೊಂದನ್ನು ಚೌಕಾಶಿ ಮಾಡಲು ಜರ್ಮನಿಗೆ ಹೋಗಿದ್ದ. ಅವನ ಕುರಿಗಳು ಅಳತೆಯಿಲ್ಲದೆಯೇ ಹಿಂಡು ಸೇರಿದವು. ಅವನ ಹೆಸರಿನ ಮುಂದೆ ಹಾಲು ಎಷ್ಟೆಂದು ಬರೆಯುವುದು? ಸೊನ್ನೆ ಬರೆದುಬಿಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಮ್ಮಲ್ಲಿ ಒಬ್ಬರ ಕುರಿಯ ಮುಂದೆ ಸೊನ್ನೆ ಬರೆಯುವುದೆಂದರೆ ಅದರ ಕೆಚ್ಚಲು ಬತ್ತಿಹೋಗಲಿ ಎಂದು ಶಾಪ ಹಾಕಿದಂತೆ. ಹಾಗೆ ಮಾಡಿದವಳಿಗೆ ಹಾಲು ಕದಿಯುವ ಮಾಟಗಾತಿ ಎಂಬ ಬಿರುದು ಸಿಗುತ್ತದೆ, ಮತ್ತು ಆ ಬಿರುದು ನಮ್ಮ ಮನೆತನದಲ್ಲಿ ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಬಂದು ಹೋಗಿದೆ. ಆದ್ದರಿಂದ ನಾನು ಊರಿನ ಯಾವ ಹೆಣ್ಣುಮಗಳಾದರೂ ಮಾಡುವುದನ್ನೇ ಮಾಡಿದೆ: ಆ ಜಾಗವನ್ನು ಖಾಲಿ ಬಿಟ್ಟೆ.

ಬಿಡುವ ಮುನ್ನ ತಮ್ಮ ಕೈಪಿಡಿಯನ್ನು ತೆರೆದು ನೋಡಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಹನ್ನೊಂದನೇ ಅಧ್ಯಾಯ, ಇಂಡೆಕ್ಸ್ ಮತ್ತು ಅದರ ಕ್ರಮ. "ಬೇರೆ ಏನನ್ನೂ ಹೇಳದಿದ್ದರೆ ಇಂಡೆಕ್ಸಿನಲ್ಲಿ ಖಾಲಿ ಮೌಲ್ಯಗಳು ಕೊನೆಗೆ ಇರುತ್ತವೆ" ಎಂದು ತಾವೇ, ತಮ್ಮದೇ ಅಮೃತಹಸ್ತದಿಂದ ಬರೆದಿದ್ದೀರಿ. ಕೊನೆಗೆ! ಇದಲ್ಲವೇ ನಮ್ಮೂರ ಕಟ್ಟಳೆ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲಿಯೋ ದೂರದ ನಗರದಲ್ಲಿ, ಕುರಿಯನ್ನು ತಟ್ಟೆಯಲ್ಲಿ ಮಾತ್ರ ಕಂಡ ಒಬ್ಬ ಪುಣ್ಯಾತ್ಮನಿಗೆ ಅಳತೆ ತಪ್ಪಿಸಿಕೊಂಡವನು ಕೊನೆಗೆ ನಿಲ್ಲಬೇಕೆಂದು ಗೊತ್ತಿದೆಯಲ್ಲ ಎಂದು ತಮ್ಮ ಮೇಲೆ ಗೌರವ ಉಕ್ಕಿತು. ಹಾಲು ಹೆಚ್ಚಿದ್ದವರಿಂದ ಕಡಿಮೆಯವರಿಗೆ ಇಳಿಯಬೇಕಾದ್ದರಿಂದ ಇಳಿಕೆಯ ಕ್ರಮದಲ್ಲಿ ಕೊಡು ಎಂದು ಡೇಟಾಬೇಸನ್ನು ಕೇಳಿದೆ, ಕೊಟ್ಟ ಉತ್ತರವನ್ನು ಕಣ್ಣುಮುಚ್ಚಿ ಮುದ್ರಿಸಿದೆ, ಹಟ್ಟಿಗೆ ಕಳಿಸಿದೆ.

ತ್ವಾದೆರಣ್ಣ ಹಟ್ಟಿಯ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಆ ಕಾಗದವನ್ನು ಸುವಾರ್ತೆಯಂತೆ ಓದಿದನಂತೆ. ಮೊದಲ ಹೆಸರು: ಗಾವ್ರಿಲ.

ಆಮೇಲೆ ನಡೆದದ್ದನ್ನು ಸಭ್ಯ ಭಾಷೆಯಲ್ಲಿ ಹೇಳಲು ಸಾಧ್ಯವಾದಷ್ಟು ಹೇಳುತ್ತೇನೆ. ಮೊಮ್ಮಗಳ ನಾಮಕರಣದ ಊಟಕ್ಕೆಂದು ಮೊದಲ ಚೀಸನ್ನು ನಂಬಿಕೊಂಡು, ಖಾಲಿ ಹೆಡಿಗೆ ಹೊತ್ತು ಬೆಟ್ಟ ಹತ್ತಿದ್ದ ಪಲಾಗಿಯಾ ಅತ್ತೆ "ಏನೋ ತ್ವಾದೆರ, ಹಾಲು ಕರ್ದವ್ಳು ನಾನು, ಚೀಸು ಒಯ್ಯೋನು ಅವ್ನಾ? ಏನ್ ಕುಡಿಸ್ದ ಹೇಳು, ನಾನೂ ಒಂದು ಬಾಟ್ಲಿ ತರ್ತಿದ್ನಲ್ಲ!" ಎಂದು ಕೂಗಿದ್ದು ಕೆಳಗೆ ಚರ್ಚಿನ ತನಕ ಕೇಳಿಸಿತು. ತ್ವಾದೆರಣ್ಣ "ಅತ್ತೆ, ಕಾಗ್ದದಲ್ಲಿ ಹಂಗಿದೆ" ಎಂದಷ್ಟೇ ಹೇಳಿದ. ಅವನ ದುರದೃಷ್ಟಕ್ಕೆ ಈಸ್ಟರ್ ಹಬ್ಬದಲ್ಲಿ ಗಾವ್ರಿಲ ಅವನಿಗೆ ಒಂದು ಜೊತೆ ಬೂಟು ಕೊಟ್ಟಿದ್ದ, ಮತ್ತು ಅವೇ ಬೂಟುಗಳು ಆಗ ಅವನ ಕಾಲಲ್ಲಿದ್ದವು. ಊರಿನ ಕಣ್ಣೆಲ್ಲ ಕಾಗದ ಬಿಟ್ಟು ಬೂಟಿಗೆ ಇಳಿಯಿತು. ಗಾವ್ರಿಲನೋ, ಜೀಪಿನ ತುಂಬ ಚೀಸು ಹೇರಿಕೊಂಡು "ತಾನಾಗೇ ಬಂದ ಲಕ್ಷ್ಮೀನ ಒದ್ದು ಕಳ್ಸೋಕೆ ನಾನೇನು ಹುಚ್ಚನಾ" ಎಂಬರ್ಥದ ನಮ್ಮ ಕಡೆಯ ಒಂದು ಮಾತನ್ನು ಹೇಳಿ, ಹಾರ್ನ್ ಹೊಡೆದು ಇಳಿದುಹೋದ.

ನಾನು ತಪ್ಪು ತಿದ್ದಲು ಮತ್ತೆ ತಮ್ಮ ಪಾದಕ್ಕೇ ಬಂದೆ. ಹನ್ನೊಂದನೇ ಅಧ್ಯಾಯದಲ್ಲಿ ಇಂಡೆಕ್ಸನ್ನು ಇಳಿಕೆಯ ಕ್ರಮದಲ್ಲೂ, ಖಾಲಿಯನ್ನು ಕೊನೆಗಿಟ್ಟೂ ಕಟ್ಟಬಹುದು ಎಂಬ ಉಪದೇಶ ಸಿಕ್ಕಿತು. "ಇಂಡೆಕ್ಸಿನ ಕ್ರಮವನ್ನು ಬಳಸಿ ಡೇಟಾಬೇಸು ಉತ್ತರವನ್ನು ಕ್ರಮವಾಗಿ ನೀಡಬಲ್ಲದು" ಎಂಬ ಅಭಯವೂ ಅದರ ಪಕ್ಕದಲ್ಲೇ ಇತ್ತು. ನೀಡಬಲ್ಲದು ಎಂದರೆ ನೀಡುತ್ತದೆ ಎಂದು ತಿಳಿದೆ. ಹಾಗೆ ನೋಡಿದರೆ ಗಾವ್ರಿಲನೂ ದಾನಧರ್ಮ ಮಾಡಬಲ್ಲ. ಇಂಡೆಕ್ಸನ್ನು ಕೆಡವಿ ಹೊಸದಾಗಿ ಕಟ್ಟಿದೆ, ಮನೆಮನೆಗೂ ಹೋಗಿ "ಸರಿಯಾಯ್ತು, ಅತ್ತೆ, ಸರಿಯಾಯ್ತು, ಮಾವ" ಎಂದು ಬಾಯಿ ನೋಯುವಷ್ಟು ಸಾರಿದೆ, ಹೊಸ ಕಾಗದ ಮುದ್ರಿಸಿ, ಬಿಸಿ ಆರುವ ಮೊದಲೇ ಬೆಟ್ಟಕ್ಕೆ ಕಳಿಸಿದೆ. ತ್ವಾದೆರಣ್ಣ ಮತ್ತೆ ಟೋಪಿ ತೆಗೆದು ಓದಿದ. ಮೊದಲ ಹೆಸರು ಮತ್ತೆ ಗಾವ್ರಿಲ.

ಒಂದು ಸಲವಾದರೆ ತಪ್ಪು, ಎರಡು ಸಲವಾದರೆ ಲಂಚ. ಇದು ನಮ್ಮ ಕಡೆಯ ನ್ಯಾಯ. ಆಗಲೂ ಊರಿನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಎಲ್ಲರೂ ತ್ವಾದೆರಣ್ಣನ ಕಡೆ ತಿರುಗಿದರು. ಸೌದೆ ಸೀಳುವ ಯೋಸಿಫ್ ಮಾವ ಅಂಗಡಿಯ ಕಟ್ಟೆಯ ಮೇಲೆ ಕೂತು ತೀರ್ಪನ್ನೇ ಕೊಟ್ಟುಬಿಟ್ಟ: "ಯಂತ್ರ ಕುಡಿಯಲ್ಲಪ್ಪ. ತ್ವಾದೆರ ಕುಡೀತಾನೆ. ಇನ್ನೇನು ಲೆಕ್ಕ ಬೇಕು ನಿಮ್ಗೆ?" ಕಾಗದವನ್ನು ಯಂತ್ರ ಸರಿಯಾಗಿಯೇ ಕೊಟ್ಟಿತ್ತು, ದಾರಿಯಲ್ಲಿ ತ್ವಾದೆರ ಬದಲಿಸಿದ ಎಂಬುದು ಸಂಜೆಯೊಳಗೆ ಊರಿನ ನಂಬಿಕೆಯಾಯಿತು. ಅವನಿಗೆ ಮುದ್ರಣ ಯಂತ್ರವಿರಲಿ, ಮನೆಯಲ್ಲಿ ಸರಿಯಾದ ಪೆನ್ನೂ ಇಲ್ಲ ಎಂದು ನಾನು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕುರಿಸಂಘದ ಸಭೆ ಸೇರಿತು. ನಾನು ಕೈಪಿಡಿಯ ಹನ್ನೊಂದನೇ ಅಧ್ಯಾಯವನ್ನು ಊರ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಓದಿದೆ. ತಮ್ಮ ಬರವಣಿಗೆಯನ್ನು ಇಷ್ಟೊಂದು ಜನ ಇಷ್ಟೊಂದು ಗಂಭೀರವಾಗಿ, ಭಾನುವಾರದ ಬಟ್ಟೆಯಲ್ಲಿ, ನಿಂತುಕೊಂಡೇ ಕೇಳಿದ್ದು ಬಹುಶಃ ಇದೇ ಮೊದಲು. "ಇಂಡೆಕ್ಸನ್ನು ಹಿಂದಿನಿಂದ ಮುಂದಕ್ಕೂ ಓದಬಹುದಾದ್ದರಿಂದ ಕ್ರಮವನ್ನು ಹೇಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ" ಎಂಬ ವಾಕ್ಯಕ್ಕೆ ಬಂದಾಗ ಎಡಗಡೆಯವರು ತಲೆಯಾಡಿಸಿದರು. "ಆದರೆ ಕೆಲವು ಸಂದರ್ಭಗಳಲ್ಲಿ ಕ್ರಮ ಮುಖ್ಯವಾಗುತ್ತದೆ" ಎಂಬುದಕ್ಕೆ ಬಂದಾಗ ಬಲಗಡೆಯವರು ತಲೆಯಾಡಿಸಿದರು. ಯಾವ ಸಂದರ್ಭಗಳು ಎಂದು ಪಾದ್ರಿಗಳು ಕೇಳಿದರು. ಅದನ್ನು ತಾವು ಬರೆದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂದು ನಾವು ಹೇಳುವುದುಂಟು. ತಾವು ಗೋಡೆಯನ್ನು ಚೆನ್ನಾಗಿಯೇ ಕಟ್ಟಿದ್ದೀರಿ, ದೀಪ ಹಚ್ಚುವುದನ್ನು ಮರೆತಿದ್ದೀರಿ. ಪಲಾಗಿಯಾ ಅತ್ತೆ ಎರಡು ಸಲ ಓದಿಸಿ ಕೇಳಿ, "ಇದ್ನ ಬರ್ದೋನು ಜೀವಮಾನದಲ್ಲೇ ಸಾಲಲ್ಲಿ ನಿಂತಿಲ್ಲ ಕಣೇ ಸಿದೋನಿಯಾ, ಅವ್ನಿಗೆ ಯಾವಾಗ್ಲೂ ಯಾರೋ ತಂದ್ಕೊಡ್ತಾರೆ" ಎಂದಳು.

ಆ ಮಾತಿಗೆ ಎಲ್ಲರೂ ನಕ್ಕರು, ತ್ವಾದೆರಣ್ಣ ನಗಲಿಲ್ಲ. ಅವನು ಅಂಗಳದ ಮಧ್ಯಕ್ಕೆ ಬಂದ, ಕೂತು ಬೂಟುಗಳನ್ನು ಬಿಚ್ಚಿದ, ಎರಡನ್ನೂ ಚರ್ಚಿನ ಮೆಟ್ಟಿಲ ಮೇಲೆ ಜೋಡಿಸಿಟ್ಟ. "ಹಾಲು ಕದ್ದೆ ಅಂದಿದ್ರೆ ಜಗಳ ಆಡ್ತಿದ್ದೆ. ಸರದಿ ಮಾರ್ಕೊಂಡೆ ಅಂದ್ರಲ್ಲ, ಅದಕ್ಕೆ ನನ್ಹತ್ರ ಮಾತಿಲ್ಲ" ಎಂದ. ಹಟ್ಟಿಯ ಕೀಲಿಯನ್ನು ಬೂಟಿನೊಳಗೆ ಹಾಕಿ, ಕಾಲುಚೀಲದಲ್ಲೇ ಗುಡ್ಡ ದಾಟಿ ತಂಗಿಯ ಮನೆಗೆ ನಡೆದುಬಿಟ್ಟ. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ, ನನ್ನ ಕೈಯಲ್ಲಿ ತಮ್ಮ ಕೈಪಿಡಿ ಇತ್ತು. "ಸಾಲು ಮಾಡೋದು ಗೊತ್ತಿರೋಳು ನೀನೇ ತಾನೆ, ಹತ್ತು ಬೆಟ್ಟ" ಎಂದು ಸಂಘದವರು ಕೀಲಿಯನ್ನು ನನ್ನ ಕೈಗಿಟ್ಟರು. ಮೇಯರ್ ಸಾಹೇಬರು ರಜೆಯನ್ನು ಅಲ್ಲೇ, ಪ್ರಗತಿಯ ಹೆಸರಿನಲ್ಲಿ, ಮಂಜೂರು ಮಾಡಿದರು.

ಇಲ್ಲಿ ಹಟ್ಟಿಯಲ್ಲಿ ಬಿಡುವಾದಾಗ ತಮ್ಮ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಗೂ ಸಿಕ್ಕಿತು. ಇಂಡೆಕ್ಸಿನ ಅಧ್ಯಾಯದಲ್ಲಲ್ಲ, ಕ್ರಮದ ಅಧ್ಯಾಯದಲ್ಲೂ ಅಲ್ಲ, ದಿನಾಂಕಗಳನ್ನು ಹೇಗೆ ಬರೆಯಬೇಕೆಂಬ ಅಧ್ಯಾಯದ ಕೋಷ್ಟಕವೊಂದರ ಕೆಳಗೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ: "ಖಾಲಿ ಮೌಲ್ಯವನ್ನು ಉಳಿದ ಎಲ್ಲ ಮೌಲ್ಯಗಳಿಗಿಂತ ದೊಡ್ಡದೆಂದು ಪರಿಗಣಿಸಲಾಗುತ್ತದೆ." ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಏರಿದರೆ ಖಾಲಿ ಕೊನೆಗೆ ಬರುತ್ತದೆ, ದೊಡ್ಡದರಿಂದ ಇಳಿದರೆ ಮೊದಲಿಗೇ ಬಂದು ಕೂರುತ್ತದೆ. ಏನು ಮಾತು, ಮಾನ್ಯರೇ! ನಮ್ಮ ಪಾದ್ರಿಗಳು ಏನೂ ಇಲ್ಲದವನೇ ದೇವರ ರಾಜ್ಯದಲ್ಲಿ ಮೊದಲಿಗನೆಂದು ತಲೆ ನರೆಯುವಷ್ಟು ಕಾಲ ಹೇಳಿದರೂ ಊರು ನಂಬಿರಲಿಲ್ಲ. ತಾವು ಒಂದು ಅಡಿಟಿಪ್ಪಣಿಯಲ್ಲಿ ಅದನ್ನು ಜಾರಿಗೆ ತಂದಿರಿ, ಅದೂ ಮಿಲ್ಲು ಮತ್ತು ಜೀಪು ಇರುವ ಗಾವ್ರಿಲನಿಂದಲೇ ಶುರುಮಾಡಿ. ಪರೀಕ್ಷೆಗೆ ಕೂರದ ಹುಡುಗನೇ ಶಾಲೆಗೆ ಪ್ರಥಮ, ತೂಕ ಹಾಕದ ಹಂದಿಯೇ ಸಂತೆಯಲ್ಲಿ ಭಾರಿ, ಹಾಡದೆ ಬಾಯಿ ಮುಚ್ಚಿಕೊಂಡವನೇ ಚರ್ಚಿನ ಉತ್ತಮ ಗಾಯಕ. ಈ ಕೊನೆಯದರಲ್ಲಿ ಸ್ವಲ್ಪ ಸತ್ಯವಿದೆ, ತಾವು ನಮ್ಮ ಯೋಸಿಫ್ ಮಾವನ ಹಾಡು ಕೇಳಿಲ್ಲ.

ಎರಡನೇ ಸಲ ಏಕೆ ಕೆಟ್ಟಿತೆಂಬುದೂ ಈಗ ತಿಳಿದಿದೆ. ಮುಂದಿನ ಆವೃತ್ತಿಗೆ ಉಪಯೋಗವಾದೀತೆಂದು ನನಗೆ ಅರ್ಥವಾದಂತೆ ಬರೆದಿದ್ದೇನೆ, ಸಂಭಾವನೆ ಬೇಡ. ಇಂಡೆಕ್ಸ್ ಎಂದರೆ ಅಡುಗೆಮನೆಯ ಹಲಗೆಯ ಮೇಲೆ ಪಾತ್ರೆಗಳನ್ನು ಜೋಡಿಸಿಡುವುದು. ಬೇಗ ಕೈಗೆ ಸಿಗಲಿ ಎಂದು. ಯಾವುದನ್ನು ಮೊದಲು ಬಡಿಸಬೇಕೆಂಬುದನ್ನು ಕೇಳುವವರು ಕೇಳುವಾಗಲೇ ಹೇಳಬೇಕು, ಪಾತ್ರೆ ಜೋಡಿಸಿದ ಮಾತ್ರಕ್ಕೆ ಬಡಿಸಿದಂತಾಗುವುದಿಲ್ಲ. ನಾನು ಹಲಗೆಯನ್ನು ಬದಲಿಸಿ, ಕೇಳುವ ಮಾತನ್ನು ಹಳೆಯದೇ ಇಟ್ಟಿದ್ದೆ. "ಇಳಿಕೆಯ ಕ್ರಮದಲ್ಲಿ ಕೊಡು, ಖಾಲಿಯನ್ನು ಕೊನೆಗಿಡು" ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಇಷ್ಟನ್ನು ನಾನು ನಾಯಿಗಳಿಗೆ ಓದಿ ಹೇಳಿದೆ. ಅವು ತಕರಾರು ಮಾಡಲಿಲ್ಲ. ಹನ್ನೊಂದನೇ ಅಧ್ಯಾಯ ಓದಿದಾಗ ಒಂದು ಎದ್ದು ಹೋಗಿತ್ತು.

ಬೆಟ್ಟ ಇಳಿದು ಊರಿಗೂ ಹೇಳಿದೆ. ತ್ವಾದೆರಣ್ಣನದು ಎಳ್ಳಷ್ಟೂ ತಪ್ಪಿಲ್ಲ, ಕಾಗದದಲ್ಲಿ ಹಾಗೇ ಇತ್ತು ಎಂದು ಅಂಗಡಿಯ ಮುಂದೆ ನಿಂತು ಸಾರಿದೆ. ಪಲಾಗಿಯಾ ಅತ್ತೆ ಮನೆಗೆ ಹೋಗಿ, ಬ್ರೆಡ್ಡು ಸುಟ್ಟು, ಪ್ಲಮ್ ಸಾರಾಯಿಯ ಬಾಟಲಿ ಹಿಡಿದು ಗುಡ್ಡ ದಾಟಿದಳು, ನಾನೂ ಹಿಂದೆ ಹೋದೆ. ತ್ವಾದೆರಣ್ಣ ತಂಗಿಯ ಅಂಗಳದಲ್ಲಿ ಪ್ಲಮ್ ಮರದ ಒಣಕೊಂಬೆ ಕಡಿಯುತ್ತಿದ್ದ, ಗೇಟು ತೆಗೆಯಲಿಲ್ಲ. ಅತ್ತೆ "ಬಾಯಿ ನಂದು ಹೊಲಸು ಕಣೋ, ತಮ್ಮ, ಬಾ" ಎಂದಳು. ಊರಿನ ಹೆಂಗಸರಲ್ಲೇ ಗಟ್ಟಿ ಗಂಟಲಿನ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವನು ಕೊಡಲಿ ಕೆಳಗಿಟ್ಟು ಹೇಳಿದ: "ನಿನ್ ಮೇಲೆ ಕೋಪ ಇಲ್ಲ, ಅತ್ತೆ. ಆದ್ರೆ ನನ್ನ ಹೆಸ್ರು ಹೋಗಿದ್ದು ಊರೆದುರಿಗೆ, ಬರೋದೂ ಊರೆದುರಿಗೇ ಬರ್ಬೇಕು. ಸಿದೋನಿಯಾ ಹೇಳಿದ್ರೆ ಪಾಪ ಅಂತ ಹೇಳ್ತಾಳೆ ಅಂತಾರೆ. ಅದನ್ನ ಬರ್ದೋನು ಯಾರೋ ಅವ್ನೇ ಬಂದು, ಬರ್ದಿದ್ದು ನಾನು ಅಂತ ಒಂದು ಮಾತು ಹೇಳ್ಲಿ. ಆಮೇಲೆ ಬರ್ತೀನಿ." ಬಾಟಲಿಯನ್ನು ತಂಗಿ ಒಳಗೆ ತೆಗೆದುಕೊಂಡಳು, ಅವನು ಮುಟ್ಟಲಿಲ್ಲ.

ಆದ್ದರಿಂದ, ಮಾನ್ಯರೇ, ಈ ಕೆಳಗಿನ ವಿನಂತಿಗಳನ್ನು ತಮ್ಮ ಅಮೂಲ್ಯ ಗಮನಕ್ಕೆ ತರುತ್ತಿದ್ದೇನೆ. ತಾವು ದಯಮಾಡಿ ನಮ್ಮೂರಿಗೆ ಬರಬೇಕು. ಜಿಲ್ಲಾಕೇಂದ್ರದಿಂದ ಬಸ್ಸಿದೆ, ಅದು ಏರಿಕೆಯ ಕ್ರಮದಲ್ಲಿ ಬರುತ್ತದೆ, ಸೇತುವೆಯ ನಂತರ ಬಾರದಿದ್ದರೆ ನಡೆಯಬಹುದು. ಚರ್ಚಿನ ಅಂಗಳದಲ್ಲಿ ನಿಂತು, ಸೌದೆ ಸೀಳುವವರಿಗೂ ಅರ್ಥವಾಗುವಂತೆ, ಕೈಪಿಡಿಯನ್ನು ನೋಡದೆ, ಖಾಲಿ ಪಾತ್ರೆ ತುಂಬಿದ ಪಾತ್ರೆಗಿಂತ ಏಕೆ ದೊಡ್ಡದೆಂದು ವಿವರಿಸಬೇಕು. ಪಾತ್ರೆಗಳನ್ನು ನಾವು ಒದಗಿಸುತ್ತೇವೆ. ಗಾವ್ರಿಲನ ಮನೆಯವರು ತಿಂದು ಮುಗಿಸಿದ ಚೀಸನ್ನು ಹಿಂದಿನಿಂದ ಮುಂದಕ್ಕೆ ಓದಿ ವಾಪಸು ತರಿಸಿಕೊಡಬೇಕು, ಹಾಗೆ ಓದಬಹುದೆಂದು ತಾವೇ ಬರೆದಿದ್ದೀರಿ. ನಾಮಕರಣದ ಊಟವನ್ನು ಅಂಗಡಿಯ ಚೀಸಿನಲ್ಲಿ ಮಾಡಿದ ಪಲಾಗಿಯಾ ಅತ್ತೆಯ ಮುಖವನ್ನು ಬೀಗರೆದುರು ಮೊದಲಿನ ಹಾಗೆ ಮಾಡಿಕೊಡಬೇಕು. ಇವೆಲ್ಲ ಆಗದಿದ್ದರೆ ಬಿಡಿ, ನಾನು ಒತ್ತಾಯಿಸುವುದಿಲ್ಲ. ಆ ಒಂದು ಮಾತನ್ನು ಹೇಳಲು ಮಾತ್ರ ಬನ್ನಿ. ತ್ವಾದೆರಣ್ಣ ಕ್ಷಮೆ ಕೇಳಿಸಿಕೊಳ್ಳಲು ಕಾಯುತ್ತಿಲ್ಲ; ಬರೆದವರು ಒಬ್ಬರಿದ್ದಾರೆ, ಅದು ತಾನಲ್ಲ ಎಂದು ಊರು ನೋಡಬೇಕು, ಅಷ್ಟೇ. ಅವನಿಲ್ಲದೆ ಹಿಂಡು ಶರತ್ಕಾಲದ ತನಕ ನಿಲ್ಲುವುದಿಲ್ಲ, ಒಬ್ಬೊಬ್ಬರೇ ತಮ್ಮ ಕುರಿಗಳನ್ನು ಬೇರ್ಪಡಿಸಿ ಇಳಿಸಿಕೊಂಡು ಹೋಗುವ ಮಾತಾಡುತ್ತಿದ್ದಾರೆ. ಒಮ್ಮೆ ಒಡೆದ ಹಿಂಡು ಮರುವರ್ಷ ಕೂಡುವುದನ್ನು ನಾನು ಈ ಬೆಟ್ಟಗಳಲ್ಲಿ ಕಂಡಿಲ್ಲ.

ತಮ್ಮ ಮುಂದಿನ ಆವೃತ್ತಿಗೂ, ಅದನ್ನು ಓದಲಿರುವ ನತದೃಷ್ಟರಿಗೂ ಶುಭವಾಗಲೆಂದು ಹಾರೈಸುತ್ತಾ, ಹಾಲು ಕರೆಯುವ ಹೊತ್ತಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ, ವಿಶ್ವಾಸವಿಟ್ಟೇ ಕೆಟ್ಟ,
ಸಿದೋನಿಯಾ ಮಿಹಾಲ್ಕಾ
ಊರ ಕಚೇರಿ, ಬ್ರೆಬೊವಾಯಾ (ಸದ್ಯ ಕುರಿಹಟ್ಟಿ)

ಮರೆತ ಮಾತು: ಈ ಪತ್ರದ ಜೊತೆ ನಾನೇ ಮಾಡಿದ ಚೀಸಿನ ಒಂದು ಉಂಡೆಯನ್ನು ಕಳಿಸಿದ್ದೇನೆ. ಹಲ್ಲು ಜೋಪಾನ. ಹನ್ನೊಂದನೇ ಅಧ್ಯಾಯವನ್ನು ನಾವು ಅಗಿದ ಹಾಗೆ ತಾವು ಇದನ್ನು ಅಗಿದರೆ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು. ಹಾಲು ಕರೆಯುವ ಬೇಲಿಯಲ್ಲಿ ಮೂರು ಕಿಂಡಿಗಳಿವೆ, ಪ್ರತಿ ಕಿಂಡಿಗೂ ಒಂದು ಮಣೆ. ಒಂದರಲ್ಲಿ ನಾನು ಕೂರುತ್ತೇನೆ, ಇನ್ನೊಂದರಲ್ಲಿ ಪಲಾಗಿಯಾ ಅತ್ತೆ. ಯಾರೂ ಹೇಳದೆಯೇ ಅವಳು ಈಗ ದಿನಾ ಬೆಟ್ಟ ಹತ್ತಿ ಬರುತ್ತಾಳೆ. ಮೂರನೆಯದು ತ್ವಾದೆರಣ್ಣನದು. ಕುರಿಗಳು ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಆ ಮಣೆಯ ಎದುರೇ ಒತ್ತೊತ್ತಾಗಿ ನಿಲ್ಲುತ್ತವೆ, ಎಳೆದರೂ ಬರುವುದಿಲ್ಲ. ಖಾಲಿ ಇರುವುದು ಉಳಿದ ಎಲ್ಲಕ್ಕಿಂತ ದೊಡ್ಡದು ಎಂದು ತಾವು ಬರೆದದ್ದು ಎಷ್ಟು ನಿಜವೆಂದು ಇಲ್ಲಿ ಕೂತ ಮೇಲೆ ತಿಳಿಯಿತು. ಇಡೀ ಕೈಪಿಡಿಯಲ್ಲಿ ಆ ಒಂದು ಸಾಲನ್ನು ಮಾತ್ರ ತಿದ್ದಬೇಡಿ.